ತಟ್ಟಿದರೆ ಉತ್ತರಿಸದ ಪೆಟ್ಟಿಗೆ

ಯೆರ್ನೇಯ್ ರಾಜಿಂಗರ್‌ನನ್ನು ಪೊಡ್ಲಾಜ್ ಊರಿನ ಜೇನು ಸಾಕುವವರೆಲ್ಲ ‘ಬೀಗರು’ ಎಂದೇ ಕರೆಯುತ್ತಿದ್ದರು. ಅವನಿಗೆ ಮಕ್ಕಳಿಲ್ಲ, ಹಾಗಾಗಿ ಯಾರಿಗೂ ಬೀಗನಾಗುವ ಯೋಗವೂ ಇರಲಿಲ್ಲ. ಆದರೂ ಅವನಷ್ಟು ಮದುವೆಗಳಲ್ಲಿ ಗಂಡಿನ ಕಡೆಯವನಾಗಿ ನಿಂತವನು ಆ ಸೀಮೆಯಲ್ಲೇ ಇನ್ನೊಬ್ಬನಿರಲಿಲ್ಲ.

ಊರಿನ ಮೇಲೆ, ಕಾರವಾಂಕೆ ಬೆಟ್ಟಸಾಲಿನ ಎರಡು ಬಂಡೆಗೋಡೆಗಳ ನಡುವೆ ಒಂದು ಕಣಿವೆ. ಬೇಸಿಗೆಯಲ್ಲಿ ಅಲ್ಲಿ ರಾಣಿ ಜೇನುಗಳ ಮದುವೆ. ಯೆರ್ನೇಯ್ ತಾನು ಆರಿಸಿದ ಜೇನು ಕುಟುಂಬಗಳನ್ನು ಪೆಟ್ಟಿಗೆ ಸಮೇತ ಅಲ್ಲಿಗೆ ಹೊತ್ತು ಹಾಕುತ್ತಿದ್ದ. ಅವುಗಳ ಗಂಡು ನೊಣಗಳೇ ವರರು. ಸುತ್ತಲಿನ ಊರುಗಳವರು ತಮ್ಮ ಕನ್ಯಾರಾಣಿಯರನ್ನು ಅಂಗೈಯಗಲದ ಪೆಟ್ಟಿಗೆಗಳಲ್ಲಿ ಕೂರಿಸಿಕೊಂಡು ಬರುತ್ತಿದ್ದರು. ಆ ಪುಟ್ಟ ಪೆಟ್ಟಿಗೆಯಲ್ಲಿ ಹೊರಗಿನದೊಂದು ಗಂಡು ನೊಣ ಅವಿತುಕೊಂಡು ಬಂದಿತ್ತೋ, ಬೀಗರು ಅಲ್ಲಿಯೇ ಮದುವೆ ಮುರಿದು ಬಂದ ದಾರಿ ತೋರಿಸುತ್ತಿದ್ದರು. ಹೆಸರಿನಲ್ಲಿ ರಾಜಿ ಇತ್ತೇ ಹೊರತು ಮನುಷ್ಯನಲ್ಲಿ ಇರಲಿಲ್ಲ. ಆ ನಾಡಿನ ಜೇನು ಬೂದು ಬಣ್ಣದ್ದು. ಹೊಟ್ಟೆಯ ಮೇಲೆ ಒಂದು ಹಳದಿ ಪಟ್ಟೆ ಕಂಡರೆ ಕುಲ ಕೆಟ್ಟಿತೆಂದು ಲೆಕ್ಕ. ಯೆರ್ನೇಯ್‌ನ ಕಣಿವೆಯಲ್ಲಿ ಅವನ ಅಪ್ಪನ ಕಾಲದಿಂದ ಹಳದಿ ಕಂಡವರಿಲ್ಲ.

ಮದುವೆ ನಡೆಯುವುದು ಆಕಾಶದಲ್ಲಿ. ಕಣಿವೆಯ ತುದಿಯ ಹುಲ್ಲುಗಾವಲಿನ ಮೇಲೆ ಒಂದು ಜಾಗವಿದೆ. ಜೂನ್ ತಿಂಗಳ ಬಿಸಿಲು ಮಧ್ಯಾಹ್ನ ಅಲ್ಲಿ ನಿಂತು ತಲೆಯೆತ್ತಿದರೆ ಏನೂ ಕಾಣುವುದಿಲ್ಲ, ಬರೀ ಗುಂಯ್‌ಗುಡುವ ಸದ್ದು. ಪ್ರತಿ ವರ್ಷ ಹೊಸದಾಗಿ ಹುಟ್ಟಿದ ಗಂಡು ನೊಣಗಳು, ಯಾರೂ ಹೇಳಿಕೊಡದಿದ್ದರೂ, ಅದೇ ಜಾಗಕ್ಕೆ ಹೋಗಿ ಕಾಯುತ್ತವೆ. ರಾಣಿ ಮೇಲೇರುತ್ತಾಳೆ, ವರರು ಬೆನ್ನಟ್ಟುತ್ತಾರೆ, ಗೆದ್ದವನು ಮದುವೆಯಾದ ಗಳಿಗೆಯಲ್ಲೇ ಸತ್ತು ಕೆಳಗೆ ಬೀಳುತ್ತಾನೆ. ಈ ಏರ್ಪಾಡು ಯೆರ್ನೇಯ್‌ನ ಹೆಂಡತಿ ಪೊಲೋನಾಗೆ ಬಹಳ ಹಿಡಿಸಿತ್ತು. ಮನುಷ್ಯರ ವಿಷಯದಲ್ಲೇ ದೇವರು ಯಾಕೋ ಉದಾಸೀನ ಮಾಡಿದ ಎಂದು ಗಂಡನ ಎದುರಿಗೇ ಹೇಳುತ್ತಿದ್ದಳು.

ಯೆರ್ನೇಯ್‌ನ ಅಪ್ಪ ತೀರಿಕೊಂಡದ್ದು ಮಗ ಸೈನ್ಯದಿಂದ ಮರಳಿದ ವರ್ಷದ ಚಳಿಗಾಲಕ್ಕೆ ಮೊದಲು. ಆ ನಾಡಿನ ಮಾತಿನಲ್ಲಿ ಹಸು ಸಾಯುತ್ತದೆ, ನಾಯಿ ಸಾಯುತ್ತದೆ. ‘ತೀರಿಕೊಳ್ಳುವುದು’ ಮನುಷ್ಯರು ಮತ್ತು ಜೇನು ಮಾತ್ರ. ಹಾಗಾಗಿ ಮನೆಯಲ್ಲಿ ಸಾವಾದರೆ ಜೇನಿಗೂ ಹೇಳಬೇಕು. ಮನೆಯ ಹಿಂದೆ ಹಣ್ಣಿನ ತೋಟದಲ್ಲಿ ಮರದ ಜೇನುಮನೆ, ಗೋಡೆಯ ತುಂಬ ಸಾಲುಸಾಲಾಗಿ ಪೇರಿಸಿದ ಪೆಟ್ಟಿಗೆಗಳು. ಹೊರಮುಖದ ಹಲಗೆಗಳ ಮೇಲೆ ಬಣ್ಣದ ಚಿತ್ರಗಳು: ಹೆಂಗಸಿನ ನಾಲಗೆಯನ್ನು ಸಾಣೆಗೆ ಹಿಡಿದ ಸೈತಾನ, ಮೈತುಂಬ ಹುಣ್ಣಾದರೂ ದೇವರನ್ನು ಬಿಡದ ಯೋಬ, ಬೇಟೆಗಾರನ ಹೆಣವನ್ನು ಹೊತ್ತು ಕುಣಿಯುತ್ತ ಹೊರಟ ಕರಡಿ ಮೊಲ ಜಿಂಕೆಗಳು. ಒಳಗಿನಿಂದ ಹೋಗಿ ಪ್ರತಿ ಪೆಟ್ಟಿಗೆಯ ಹಿಂಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ, ‘ಯಜಮಾನ ತೀರಿಕೊಂಡ, ನೀವು ಇರಿ’ ಎನ್ನಬೇಕು. ಕಿವಿಯಿಟ್ಟರೆ ಒಳಗಿನಿಂದ ‘ಹ್ಞೂಂ’ ಎಂಬಂಥ ಒಂದು ಸಣ್ಣ ಗುಂಯ್ ಎದ್ದು ಅಡಗುತ್ತದೆ. ಅದು ಒಪ್ಪಿಗೆ. ಚಳಿಗಾಲದಲ್ಲಿ ಕುಟುಂಬದ ಆರೋಗ್ಯ ತಿಳಿಯಲೂ ಅದೇ ದಾರಿ: ಸದ್ದು ಎದ್ದು ಬೇಗ ಅಡಗಿದರೆ ಕ್ಷೇಮ, ಗೋಳಿಟ್ಟಂತೆ ಎಳೆದರೆ ರಾಣಿ ಇಲ್ಲ, ಸದ್ದೇ ಇಲ್ಲದಿದ್ದರೆ ಕುಟುಂಬವೇ ಇಲ್ಲ.

ಆ ದಿನ ಅಮ್ಮ ಅಳುತ್ತ ಯೆರ್ನೇಯ್‌ನನ್ನು ಕಳಿಸಿದಳು. ಅವನು ಎಲ್ಲ ಪೆಟ್ಟಿಗೆಗಳನ್ನೂ ತಟ್ಟಿದ, ಮೂಲೆಯ ಒಂದನ್ನು ಬಿಟ್ಟು. ಬೇಟೆಗಾರನ ಹೆಣದ ಚಿತ್ರವಿದ್ದ ಪೆಟ್ಟಿಗೆ ಅದು. ಯಾಕೆ ಬಿಟ್ಟನೋ ಅವನಿಗೇ ತಿಳಿಯದು. ಯಾರೋ ಕರೆದರು, ಹೋದ, ಮರೆತ. ವಸಂತ ಬಂದಾಗ ಆ ಪೆಟ್ಟಿಗೆ ಖಾಲಿ. ಸತ್ತ ನೊಣ ಒಂದೂ ಇಲ್ಲ, ಮೇಣದ ಎರಿಗಳು ಹಾಗೇ ಇವೆ, ಮನೆಯವರು ಮಾತ್ರ ಎದ್ದು ಹೋಗಿದ್ದರು. ಅವು ತೀರಿಕೊಂಡಿಲ್ಲ, ಮುನಿಸಿಕೊಂಡು ಕಾಡಿಗೆ ಹೋಗಿವೆ, ಎಂದಾದರೂ ಬರುತ್ತವೆ ಎಂದು ಯೆರ್ನೇಯ್ ನಂಬಿಕೊಂಡ. ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದು, ಮದುವೆಯಾಗಿ, ಪಿಂಚಣಿ ಪಡೆದು, ತಲೆ ನರೆತ ಮೇಲೂ ಆ ಪೆಟ್ಟಿಗೆಗೆ ಬೇರೆ ಕುಟುಂಬ ತುಂಬಲಿಲ್ಲ. ಪ್ರತಿ ವಸಂತದಲ್ಲಿ ಒರೆಸಿ, ಮೇಣ ಸವರಿ, ಬಾಗಿಲು ತೆರೆದಿಟ್ಟಿರುತ್ತಿದ್ದ.

ಈ ನಡುವೆ ಜೇನಿಗೆ ಉಣ್ಣಿ ಬಂದಿತ್ತು. ಸಾಸಿವೆ ಕಾಳಿಗಿಂತ ಚಿಕ್ಕದು, ಕೆಂಪು, ಏಡಿಯ ಆಕಾರ. ಎರಿಯ ಮುಚ್ಚಿದ ಕೋಣೆಯೊಳಗೆ ಹೊಕ್ಕು ಮರಿಯ ಮೈ ಹೀರುತ್ತದೆ. ಹುಟ್ಟುವ ನೊಣಕ್ಕೆ ರೆಕ್ಕೆ ಮುದುರಿರುತ್ತದೆ. ಅದಕ್ಕೆ ಆಮ್ಲದ ಹೊಗೆ ಕೊಡಬೇಕು. ಆ ಹೊಗೆ ಉಣ್ಣಿಗೆ ಎಷ್ಟು ತಾಗಿತೋ, ಯೆರ್ನೇಯ್‌ನ ಎದೆಗೆ ಅದಕ್ಕಿಂತ ಹೆಚ್ಚು ತಾಗಿತ್ತು. ಕೆಮ್ಮು ಅವನಿಗಿಂತ ಮೊದಲು ಮನೆಯೊಳಗೆ ಬರುತ್ತಿತ್ತು.

ಆಗ ಕೆಳಗಿನ ಸರೋವರದ ಬಯಲಿನಲ್ಲಿ ಒಂದು ಸಂಶೋಧನಾಲಯದವರು ದೊಡ್ಡ ಬಲೆಮನೆ ಕಟ್ಟಿದರು. ಒಳಗೆ ಜೇನಿನ ಜೀನನ್ನು ತಿದ್ದುತ್ತಿದ್ದಾರಂತೆ ಎಂಬ ಸುದ್ದಿ ಹಾಲಿನ ಡೈರಿಗೂ ಇಗರ್ಜಿಗೂ ಒಟ್ಟಿಗೇ ತಲುಪಿತು. ಅಲ್ಲಿಯ ಮುಖ್ಯಸ್ಥೆ ಬೇರೆ ಯಾರೂ ಅಲ್ಲ, ಊರಿನ ಅಂಚೆಯವನ ಮಗಳು ನೇಜಾ. ಚಿಕ್ಕವಳಿದ್ದಾಗ ಯೆರ್ನೇಯ್‌ನ ಮರಸೇಬಿನ ಮರ ಹತ್ತಿ ಬಿದ್ದು ಕೈ ಮುರಿದುಕೊಂಡವಳು.

ಜೇನುಸಾಕಣೆಯವರ ಸಂತ ಅಂಬ್ರೋಸನ ಹಬ್ಬ ಡಿಸೆಂಬರ್‌ನಲ್ಲಿ. ಅಂದು ಪೂಜೆ ಮುಗಿಸಿ ಸಂಘದವರೆಲ್ಲ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಸೇರುವುದು, ಆಕ್ರೋಟು ಸುತ್ತಿದ ಸಿಹಿ ರೊಟ್ಟಿ ಪೊತಿತ್ಸಾ ತಿನ್ನುವುದು, ಜೇನಿನ ಸಾರಾಯಿ ಕುಡಿಯುವುದು, ಹಳೇ ಜಗಳ ತೆಗೆಯುವುದು ವಾಡಿಕೆ. ಆ ವರ್ಷ ಹೊಸ ಜಗಳ ಸಿಕ್ಕಿತ್ತು. ನೇಜಾಳನ್ನೇ ಕರೆಸಿದ್ದರು.

ಅವಳು ನಿಧಾನವಾಗಿ ವಿವರಿಸಿದಳು. ಉಣ್ಣಿ ಹೊಕ್ಕ ಮರಿಯನ್ನು ವಾಸನೆಯಿಂದ ಗುರುತಿಸಿ ಹೊರಗೆಸೆಯುವ ಗುಣ ಕೆಲವು ನೊಣಗಳಿಗೆ ಹುಟ್ಟಿನಿಂದ ಇದೆ. ಅದನ್ನು ಎಲ್ಲಕ್ಕೂ ಬರುವಂತೆ ಜೋರು ಮಾಡುತ್ತಿದ್ದೇವೆ, ಹೊಸದೇನನ್ನೂ ತುರುಕುತ್ತಿಲ್ಲ ಎಂದಳು. ಒಳ್ಳೆಯದನ್ನು ಆರಿಸಿ ಬೆಳೆಸುತ್ತ ಹೋದರೆ ತಾನಾಗಿ ಬರುವುದಿಲ್ಲವೇ ಎಂದು ಯಾರೋ ಕೇಳಿದರು. ಬರುತ್ತದೆ, ಆದರೆ ಅಷ್ಟರಲ್ಲಿ ಆರಿಸಲು ಜೇನು ಉಳಿದಿರಬೇಕಲ್ಲ ಎಂದಳು. ಸಭೆಯಲ್ಲಿ ಹಿಂದಿನ ಚಳಿಗಾಲ ಪೆಟ್ಟಿಗೆ ಕಳೆದುಕೊಳ್ಳದವರು ಯಾರೂ ಇರಲಿಲ್ಲ, ಮಾತು ನಾಟಿತು.

ಯೆರ್ನೇಯ್ ಎದ್ದು ನಿಂತ. ಮೊದಲು ಕೆಮ್ಮಿದ.

“ಹಸುಗೆ ಬೇಲಿ ಹಾಕ್ಬಹುದು, ಮಗಳೇ. ಮುಸುಕಿನಜೋಳಕ್ಕೂ ಹಾಕ್ಬಹುದು. ಆಕಾಶದಲ್ಲಿ ಆಗೋ ಮದುವೆಗೆ ಯಾವ ಬಾಗ್ಲಲ್ಲಿ ನಿಂತು ಕಾಯ್ತೀಯ?”

“ಎರಡು ಬಲೆ ಇದೆ, ದೊಡ್ಡಪ್ಪ. ಎರಡು ಬಾಗ್ಲು. ಒಂದು ನೊಣಾನೂ ಹೊರಗೆ ಹೋಗಲ್ಲ.”

“ಹೋದ್ರೆ?”

“ಹೋದ್ರೆ ಗೊತ್ತಾಗುತ್ತೆ. ಗುರುತಿಗೆ ಅಂತ ಒಂದನ್ನ ಮಾತ್ರ ಸೇರ್ಸಿದೀವಿ. ಒಂದು ಥರದ ದೀಪ ಹಿಡಿದ್ರೆ ಅವುಗಳ ಕಣ್ಣು ಕೆಂಪಗೆ ಹೊಳೆಯುತ್ತೆ.”

“ನಮ್ಮ ಕಣ್ಣು ಪ್ರತಿ ಶನಿವಾರ ಹೊಳೆಯುತ್ತೆ, ದೀಪಾನೂ ಬೇಡ,” ಎಂದ ಶ್ಟೆಫ್. ಊರಿನ ಏಕೈಕ ಹೆಂಡದಂಗಡಿಯವನು, ಸಂಘದ ಅಧ್ಯಕ್ಷನೂ ಅವನೇ. ಕುಡಿಸುವವನೇ ಕಾಯುವವನಾದರೆ ಸಭೆ ಶಾಂತವಾಗಿರುತ್ತದೆಂದು ಜನ ಆರಿಸಿದ್ದರು. ಸಭೆ ನಕ್ಕಿತು. ಯೆರ್ನೇಯ್ ನಗಲಿಲ್ಲ.

“ಒಂದು ಮಾತು ಹೇಳ್ತೀನಿ, ನೆನಪಿಟ್ಕೊಳ್ಳಿ. ನನ್ನ ಕಣಿವೆಗೆ ಆ ನೊಣ ಬಂತು ಅಂತ ಕೇಳಿದ ದಿನ, ಯೆರ್ನೇಯ್ ತೀರ್ಕೊಂಡ ಅಂತ ತಿಳ್ಕೊಂಡುಬಿಡಿ.”

ಚಪ್ಪಾಳೆ ಬಿತ್ತು. ತಿದ್ದಿದ ಜೇನು ನಮ್ಮ ಸೀಮೆಗೆ ಬೇಡವೆಂದು ಸಂಘ ಕೈಯೆತ್ತಿ ತೀರ್ಮಾನಿಸಿತು. ಹೊರಡುವಾಗ ಬಾಗಿಲಲ್ಲಿ ನೇಜಾ ಅವನ ಕೋಟಿನ ಗುಂಡಿ ಹಾಕಿ, ಆಮ್ಲದ ಹೊಗೆ ಹಿಡಿಯುವಾಗ ಮುಖಕ್ಕೆ ಸರಿಯಾದ ಮುಸುಕು ಹಾಕಿಕೊಳ್ಳಿ, ಈ ಕೆಮ್ಮು ಚೆನ್ನಾಗಿಲ್ಲ ಎಂದಳು. ಗೆದ್ದವನಿಗೆ ಸೋತವಳು ಗುಂಡಿ ಹಾಕಿದ್ದು ಯೆರ್ನೇಯ್‌ಗೆ ಏಕೋ ಕಸಿವಿಸಿಯಾಯಿತು.

ಆ ಚಳಿಗಾಲ ಅವನ ಜೇನುಮನೆಯಲ್ಲಿ ತಟ್ಟಿದ ಕಡೆಯಲ್ಲೆಲ್ಲ ಮೌನ. ವರರ ಕುಟುಂಬಗಳಲ್ಲಿ ಬಹುಪಾಲು ತೀರಿಕೊಂಡವು. ಉಳಿದದ್ದು ಬೆರಳೆಣಿಕೆ. ಗಂಡಿನ ಕಡೆಯಲ್ಲಿ ಗಂಡುಗಳೇ ಇಲ್ಲದ ಬೀಗರು ಎಂದು ಶ್ಟೆಫ್ ಅಂಗಡಿಯಲ್ಲಿ ಹಾಸ್ಯ ಮಾಡಿದ; ಮಾಡಿದ ಮೇಲೆ ತಾನೇ ಬೇಜಾರಾಗಿ ಒಂದು ಲೋಟ ಬಿಟ್ಟಿ ಕೊಟ್ಟ. ಬೇಸಿಗೆಗೆ ಕಣಿವೆ ಮುಚ್ಚಬೇಕಾಗುತ್ತದೆ, ಕಾವಲಿಲ್ಲದ ಕಣಿವೆಗೆ ಯಾರ್ಯಾರೋ ಪೆಟ್ಟಿಗೆ ತಂದಿಡುತ್ತಾರೆ, ಅಪ್ಪನ ಬೂದು ಕುಲ ಅಲ್ಲಿಗೆ ಮುಗಿಯಿತು ಎಂಬ ಚಿಂತೆಯಲ್ಲಿ ಯೆರ್ನೇಯ್ ಊಟ ಬಿಟ್ಟ.

ಮೇ ತಿಂಗಳಲ್ಲಿ ಸರೋವರದ ಕಡೆ ಆಲಿಕಲ್ಲಿನ ಮಳೆ ಸುರಿಯಿತು. ಹೆಂಚುಗಳು ಒಡೆದವು, ಕಾರಿನ ಗಾಜುಗಳು ಪುಡಿಯಾದವು. ಪೊಡ್ಲಾಜ್‌ಗೆ ಗುಡುಗಷ್ಟೇ ಕೇಳಿಸಿತು.

ಕೆಲವು ದಿನ ಕಳೆದು ಒಂದು ಬೆಚ್ಚನೆಯ ಬೆಳಗ್ಗೆ ಪೊಲೋನಾ ಬಟ್ಟೆ ಒಣಹಾಕಲು ಹೋದವಳು ಹಿಂದೆ ಸರಿದಳು. ಮರಸೇಬಿನ ಮರದ ಕೊಂಬೆಯಿಂದ ಗಡ್ಡದಂತೆ ಒಂದು ಹಿಂಡು ಜೋತು ಬಿದ್ದಿತ್ತು. ಬೂದು ಬಣ್ಣ, ಅಚ್ಚುಕಟ್ಟು, ಒಂದೂ ಹಳದಿ ಇಲ್ಲ.

ಯೆರ್ನೇಯ್ ಬರಿಗಾಲಲ್ಲಿ ಓಡಿ ಬಂದು ಟೋಪಿ ತೆಗೆದು ನಿಂತ. ತಾನಾಗಿ ಬಂದ ಹಿಂಡನ್ನು ಯಾರದೆಂದು ಕೇಳಬಾರದು, ತಿರಸ್ಕರಿಸಬಾರದು, ಅತಿಥಿಯ ಹಾಗೆ ಕರೆದುಕೊಳ್ಳಬೇಕು. ಅದು ಅಲ್ಲಿನ ರೂಢಿ. ಆದರೆ ಅವನಿಗೆ ಕೇಳುವ ಅಗತ್ಯವೇ ಕಾಣಲಿಲ್ಲ. ಯಾರದೆಂದು ಅವನಿಗೆ ಗೊತ್ತಿತ್ತು.

“ನೋಡು ಪೊಲೋನಾ. ಬಂದ್ವು.”

“ಯಾರು?”

“ಅಪ್ಪಂದು. ಮೂಲೆ ಪೆಟ್ಟಿಗೇದು. ಇಷ್ಟು ವರ್ಷ ಕಾಡಲ್ಲಿದ್ದು, ಔಷಧಿ ಇಲ್ದೆ ಬದುಕಿ ಬಂದಿದಾವೆ.”

ಪೊಲೋನಾ ಗಂಡನ ಮುಖ ನೋಡಿದಳು. ಒಂದು ಚಳಿಗಾಲವೆಲ್ಲ ಆ ಮುಖದಲ್ಲಿ ಬೆಳಕಿರಲಿಲ್ಲ. ಜೇನಿನ ಆಯಸ್ಸು ಎಷ್ಟು, ಕಾಡಿನಲ್ಲಿ ಉಣ್ಣಿ ಇಲ್ಲವೇ ಎಂಬ ಪ್ರಶ್ನೆಗಳು ಅವಳಿಗೂ ಹೊಳೆದಿರಬೇಕು. ಆದರೂ ಹಿಂಡು ಹಿಡಿಯುವ ಬುಟ್ಟಿಗೆ ಉಜ್ಜಲು ನಿಂಬೆವಾಸನೆಯ ಸೊಪ್ಪು ಕಿತ್ತುಕೊಟ್ಟಳು.

ಹಿಂಡು ಬೇಟೆಗಾರನ ಹೆಣದ ಪೆಟ್ಟಿಗೆಗೆ ಸಲೀಸಾಗಿ ನಡೆದು ಹೋಯಿತು. ರಾಣಿ ಎಳೆಯವಳು, ಬೆನ್ನ ಮೇಲೆ ಯಾರ ಗುರುತಿನ ಬಣ್ಣವೂ ಇರಲಿಲ್ಲ. ಬೇಸಿಗೆ ಪೂರ್ತಿ ಯೆರ್ನೇಯ್ ಪೆಟ್ಟಿಗೆಯ ತಳದ ಬಿಳಿ ಹಲಗೆ ಎಳೆದು ನೋಡುತ್ತಿದ್ದ. ಬೇರೆ ಪೆಟ್ಟಿಗೆಗಳ ಕೆಳಗೆ ಕೆಂಪು ಉಣ್ಣಿ ಉದುರಿರುತ್ತಿತ್ತು, ಇದರ ಕೆಳಗೆ ಇಲ್ಲ. ಆಮ್ಲದ ಹೊಗೆಯನ್ನು ಅದಕ್ಕೆ ಕೊಡಲೇ ಇಲ್ಲ. ಬಾಗಿಲ ಮುಂದೆ ಆಗೊಂದು ಈಗೊಂದು ಬಿಳಿ ಮರಿ ಬಿದ್ದಿರುತ್ತಿತ್ತು. ಉಣ್ಣಿ ಹೊಕ್ಕದ್ದನ್ನು ಎಸೆದಿವೆ, ಎಂಥ ಶುಚಿ ಎಂದು ಹೆಮ್ಮೆಪಟ್ಟ. ಮಡಿಯಮ್ಮನ ಮನೆ ಇದ್ದ ಹಾಗಿತ್ತು ಆ ಪೆಟ್ಟಿಗೆ.

ಕ್ರಿಸ್ಮಸ್ ಹಿಂದಿನ ಸಂಜೆ ಧೂಪ ಹಿಡಿದು ಜೇನುಮನೆಗೆ ಹೋಗುವುದು, ಪ್ರತಿ ಪೆಟ್ಟಿಗೆ ತಟ್ಟಿ ಹಬ್ಬದ ಶುಭ ಹೇಳುವುದು ಅವರ ಮನೆಯ ಪದ್ಧತಿ. ಉಳಿದಿದ್ದ ಹಳೆಯ ಕುಟುಂಬಗಳು ಒಂದೊಂದಾಗಿ ‘ಹ್ಞೂಂ’ ಎಂದವು. ಮೂಲೆಯ ಪೆಟ್ಟಿಗೆ ಏನೂ ಅನ್ನಲಿಲ್ಲ.

ಮತ್ತೆ ತಟ್ಟಿದ. ಕಿವಿಯಿಟ್ಟ. ಚಳಿಯಲ್ಲಿ ಪೆಟ್ಟಿಗೆ ತೆರೆಯಬಾರದೆಂಬುದನ್ನೂ ಮರೆತು ಹಿಂಬಾಗಿಲು ತೆಗೆದ. ನೊಣಗಳು ಇದ್ದವು. ಎರಿಗಳ ನಡುವೆ ಗುಂಡಗೆ, ಬಿಗಿಯಾಗಿ, ತುಂಬಿದ ಸಂಸಾರ. ಸತ್ತಿರಲಿಲ್ಲ, ಮಂಕಾಗಿರಲಿಲ್ಲ. ತಲೆಗಳನ್ನೆಲ್ಲ ಅವನ ಕಡೆ ತಿರುಗಿಸಿ ಸುಮ್ಮನೆ ಕೂತಿದ್ದವು. ಅವನು ಬಾಗಿಲು ಮುಚ್ಚಿದ. ಸ್ವಲ್ಪ ಬೇಗನೇ ಮುಚ್ಚಿದ.

ಪೊಲೋನಾಗೆ ಹೇಳಿದಾಗ, ಮಾತಾಡದೆ ಕೆಲಸ ಮಾಡುವ ಒಂದು ಜೀವವಾದರೂ ಈ ಮನೆಯಲ್ಲಿ ಇರಲಿ ಬಿಡಿ ಎಂದು ನಕ್ಕಳು. ಅವನೂ ನಕ್ಕ. ಅಪ್ಪ ತೀರಿಕೊಂಡದ್ದನ್ನು ಹೇಳದೆ ಬಿಟ್ಟಿದ್ದಕ್ಕೆ ಮುನಿಸು ಇನ್ನೂ ಇಳಿದಿಲ್ಲ ಎಂದು ತನ್ನೊಳಗೆ ಸಮಾಧಾನ ಹೇಳಿಕೊಂಡ. ಮನುಷ್ಯ ತಾನು ಕಟ್ಟಿದ ಕಥೆಯಲ್ಲಿ ಒಮ್ಮೆ ಸಂಸಾರ ಹೂಡಿದನೆಂದರೆ ಸೋರುವ ಸೂರೂ ಅವನಿಗೆ ಆಕಾಶವೀಕ್ಷಣೆಯ ಸೌಕರ್ಯವಾಗಿಯೇ ಕಾಣುತ್ತದೆ.

ವಸಂತದಲ್ಲಿ ಆ ರಾಣಿಯ ಮಕ್ಕಳನ್ನು ಬೆಳೆಸಿ, ಖಾಲಿ ಬಿದ್ದ ಪೆಟ್ಟಿಗೆಗಳಿಗೆಲ್ಲ ತುಂಬಿದ. ಹಳೆಯ ಬಳಗದಲ್ಲಿ ಕೊನೆಗೆ ಉಳಿದದ್ದು ಸೈತಾನನ ಚಿತ್ರದ ಪೆಟ್ಟಿಗೆಯ ಒಂದು ಮುದಿ ರಾಣಿ ಮಾತ್ರ. ಕಣಿವೆಗೆ ಒಯ್ಯುವ ವರರ ಕುಟುಂಬಕ್ಕೆ ಮೂರು ತಲೆಮಾರು ಗೊತ್ತಿರಬೇಕೆಂಬುದು ಸಂಘದ ನಿಯಮ. ಆ ನಿಯಮ ಬರೆಸಿದವನೇ ಯೆರ್ನೇಯ್. ಶ್ಟೆಫ್ ಕೇಳಿದ: “ಬೀಗರೇ, ಗಂಡು ಯಾವ ಮನೆತನ?”

“ನಮ್ಮಪ್ಪನ ಮನೆತನ.”

“ಅಪ್ಪ ಅಂದ್ರೆ ಆಯ್ತು ಬಿಡಿ. ಗಂಡು ನೊಣಕ್ಕೆ ಹೇಗೂ ಅಪ್ಪ ಇರಲ್ಲ, ನೀವಾದ್ರೂ ಒಬ್ಬನ್ನ ಕೊಟ್ರಲ್ಲ.”

ಗಂಡು ನೊಣ ಹುಟ್ಟುವುದು ರಾಣಿಯಿಂದ ಮಾತ್ರ; ತಂದೆಯಿಲ್ಲದ ಜನ್ಮ, ತಾಯಿಯಲ್ಲಿದ್ದದ್ದೇ ಮಗನಲ್ಲಿ. ಶ್ಟೆಫ್‌ನ ಹಾಸ್ಯಕ್ಕೆ ಇಡೀ ಸಂಘ ನಕ್ಕು, ಕಣ್ಣು ಮುಚ್ಚಿ ಒಪ್ಪಿತು. ಯೆರ್ನೇಯ್‌ನ ಮಾತಿಗೆ ಸಾಕ್ಷಿ ಕೇಳುವವರು ಯಾರಿದ್ದರು?

ಆ ಜೂನ್‌ನಲ್ಲಿ ಹುಲ್ಲುಗಾವಲಿನ ಮೇಲಿನ ಸದ್ದು ಹಿಂದೆಂದೂ ಇಲ್ಲದಷ್ಟು ಜೋರಾಗಿತ್ತು. ಕುರಿ ಮೇಯಿಸುವವನು ಆ ಜಾಗ ಬಳಸಿಕೊಂಡು ಹೋಗತೊಡಗಿದ. ತಲೆಯ ಮೇಲೆ ಯಾರೋ ತುಂಬ ಜನ ಹಲ್ಲು ಕಚ್ಚಿಕೊಂಡು ನಿಂತ ಹಾಗಿರುತ್ತದೆ ಎಂದ. ರಾಣಿಯರು ಹೋದರು, ಬಂದರು. ಊರೂರಿಗೆ ಹೊರಟರು. ಗಡಿಯಾಚೆ ಆಸ್ಟ್ರಿಯದವರೂ ಬಂದು ಒಯ್ದರು. ಬೇಸಿಗೆ ಮುಗಿಯುವಾಗ ಎಲ್ಲ ಕಡೆಯಿಂದ ಒಂದೇ ವರದಿ: ಉಣ್ಣಿ ಇಲ್ಲ, ತುಪ್ಪ ಬೇಕಾದಷ್ಟು. ಬೀಗರ ಬೆನ್ನು ತಟ್ಟಿದವರೆಷ್ಟೋ. ಅವನ ಕೆಮ್ಮು ಕೂಡ ಕಡಿಮೆಯಾಯಿತು, ಹೊಗೆ ಹಿಡಿಯುವ ಕೆಲಸವೇ ಇರಲಿಲ್ಲವಲ್ಲ.

ಎಲೆ ಉದುರುವ ಕಾಲಕ್ಕೆ ಜೇನುಮನೆಯ ಮುಂದಿನ ಹುಲ್ಲು ಬೆಳ್ಳಗಾಗತೊಡಗಿತು. ಮೊದಲು ಹಿಮ ಎಂದುಕೊಂಡ. ಬಗ್ಗಿ ನೋಡಿದರೆ ಮರಿಗಳು. ಮಿದುವಾದ, ಇನ್ನೂ ಕಣ್ಣು ಬಣ್ಣವೇರದ ಮರಿಗಳು. ಪ್ರತಿ ಬಾಗಿಲ ಕೆಳಗೂ ಒಂದು ರಾಶಿ. ಒಂದನ್ನು ಎತ್ತಿ ಕನ್ನಡಕ ಹಾಕಿ ನೋಡಿದ. ಉಣ್ಣಿ ಇಲ್ಲ. ಇನ್ನೊಂದು. ಅದರಲ್ಲೂ ಇಲ್ಲ. ಆರೋಗ್ಯವಾಗಿದ್ದ ಮಕ್ಕಳು. ಕಸ ಮುಗಿದ ಮೇಲೂ ಪೊರಕೆ ನಿಂತಿರಲಿಲ್ಲ. ಮನೆ ಗುಡಿಸಿ, ಅಂಗಳ ಗುಡಿಸಿ, ಈಗ ತೊಟ್ಟಿಲು ಗುಡಿಸುತ್ತಿದ್ದವು. ಅತಿ ಮಡಿಯಾದ ಮನೆ ಹೀಗೆಯೇ ಮಡಿಯುವುದು.

ಅವನು ಕುಂಟೆ ತಂದು ಮರಿಗಳನ್ನು ಎಳೆದು ಎಲೆಗಳ ಕೆಳಗೆ ಮುಚ್ಚಿದ. ಪೊಲೋನಾಗೆ ಹೇಳಲಿಲ್ಲ. ಮಾರನೆಯ ಬೆಳಗ್ಗೆ ಮತ್ತೆ ಅಷ್ಟೇ ಇದ್ದವು. ಅಂಗಡಿಯಲ್ಲಿ ಶ್ಟೆಫ್ ತನ್ನ ಪೆಟ್ಟಿಗೆಗಳ ಮುಂದೆಯೂ ಹಾಗೇ ಬಿದ್ದಿದೆ, ಇಲಿ ಹೊಕ್ಕಿರಬೇಕು ಎಂದು ಗೊಣಗಿದ. ಯೆರ್ನೇಯ್ ಇಲಿಯೇ ಇರಬೇಕು ಎಂದ. ಅವನು ಶ್ಟೆಫ್‌ಗೆ ಹೇಳಿದ ಮೊದಲ ಸುಳ್ಳು ಅದು.

ಸತ್ತವರನ್ನು ನೆನೆಯುವ ಸಕಲ ಸಂತರ ಹಬ್ಬದ ದಿನ ಊರಿಗೆ ಊರೇ ಸೇವಂತಿಗೆ ಹಿಡಿದು ಸ್ಮಶಾನದಲ್ಲಿರುತ್ತದೆ. ಪೊಲೋನಾ ಮುಂಚೆಯೇ ಹೋಗಿದ್ದಳು. ಕತ್ತಲೆ ಬೇಗ ಇಳಿಯುವ ಕಾಲ. ಕೆಳಗೆ ಇಗರ್ಜಿಯ ಪಕ್ಕದ ಇಳಿಜಾರಿನ ಗೋರಿಗಳ ಮೇಲೆ ಕೆಂಪು ಗಾಜಿನ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಯೆರ್ನೇಯ್ ಹೊರಡುವಷ್ಟರಲ್ಲಿ ನೇಜಾ ತೋಟದ ಗೇಟಿನಲ್ಲಿ ನಿಂತಿದ್ದಳು. ಕೈಯಲ್ಲಿ ಹೂವಿರಲಿಲ್ಲ, ಒಂದು ಚಿಕ್ಕ ದೀಪವಿತ್ತು.

ಶ್ಟೆಫ್‌ನ ಇಲಿಯ ಕಥೆ, ನಿಮ್ಮ ಮರಕ್ಕೆ ಹಿಂಡು ಬಂದ ಕಥೆ ಎರಡೂ ಕೇಳಿ ಬಂದೆ ಎಂದಳು. ಬಲೆಮನೆಯಲ್ಲೂ ಹೋದ ವರ್ಷದ ಕೊನೆಯಿಂದ ಹೀಗೇ ಆಗುತ್ತಿದೆ, ಒಂದೊಂದೇ ಕುಟುಂಬ ತನ್ನ ಮರಿಗಳನ್ನೇ ಎಸೆದು ಖಾಲಿಯಾಗುತ್ತಿದೆ ಎಂದಳು. ಹೇಳುವಾಗ ಅವನ ಮುಖ ನೋಡಲಿಲ್ಲ.

“ಆಲಿಕಲ್ಲು ಬಿದ್ದಾಗ ಬಲೆ ಹರೀತು, ದೊಡ್ಡಪ್ಪ. ಒಂದು ಕುಟುಂಬ ಪೂರ್ತಿ ನೆನೆದು ಸತ್ತಿದೆ ಅಂದ್ಕೊಂಡ್ವಿ. ಸತ್ತ ನೊಣ ಕಡಿಮೆ ಸಿಕ್ಕಿದ್ವು. ಕೊಚ್ಕೊಂಡು ಹೋಗಿರ್ಬೇಕು ಅಂದ್ರು. ನಾನೂ ಹೂಂ ಅಂದೆ.”

“ಯಾವ ತಿಂಗಳು?”

ಅವನಿಗೆ ಗೊತ್ತಿತ್ತು. ಆದರೂ ಕೇಳಿದ. ಅವಳು ಮರಸೇಬಿನ ಮರದ ಕಡೆ ನೋಡಿದಳು.

ಜೇನುಮನೆಯ ಒಳಗೆ ಹೋದರು. ಯೆರ್ನೇಯ್ ತಾನೇ ಮೂಲೆಯ ಪೆಟ್ಟಿಗೆಯ ಹಿಂಬಾಗಿಲು ತೆಗೆದ. ನೇಜಾ ಅವನಿಗೆ ಬಣ್ಣದ ಗಾಜಿನ ಕನ್ನಡಕ ಕೊಟ್ಟು ದೀಪ ಒತ್ತಿದಳು.

ಕತ್ತಲಲ್ಲಿ ಕಣ್ಣುಗಳು ಹೊತ್ತಿಕೊಂಡವು. ನೊಣ ಕಾಣುತ್ತಿರಲಿಲ್ಲ, ಎರಿ ಕಾಣುತ್ತಿರಲಿಲ್ಲ. ಜೋಡಿ ಜೋಡಿಯಾಗಿ ಕೆಂಪು ಚುಕ್ಕೆಗಳು, ಸಾಲು ಸಾಲಾಗಿ, ಒಂದೂ ಅಲುಗದೆ. ಕೆಳಗಿನ ಸ್ಮಶಾನವನ್ನೇ ಯಾರೋ ಎತ್ತಿ ತಂದು ಪೆಟ್ಟಿಗೆಯೊಳಗಿಟ್ಟ ಹಾಗಿತ್ತು. ಪಕ್ಕದ ಪೆಟ್ಟಿಗೆ ತೆಗೆದ. ಅಲ್ಲೂ. ಅದರಾಚೆಯದು. ಅಲ್ಲೂ. ಸೈತಾನನ ಪೆಟ್ಟಿಗೆಯಲ್ಲಿ ಮಾತ್ರ ಕತ್ತಲೆ, ಒಳ್ಳೆಯ ಹಳೆಯ ಕತ್ತಲೆ.

ಯೆರ್ನೇಯ್ ಕನ್ನಡಕ ತೆಗೆದು ಮಡಿಸಿ ಅವಳ ಕೈಗಿತ್ತ. ಕಣಿವೆಯಿಂದ ರಾಣಿಯರು ಎಲ್ಲೆಲ್ಲಿಗೆ ಹೋದರೆಂದು ಅವಳು ಮೆಲ್ಲಗೆ ಕೇಳಿದಳು. ಅವನು ಹೇಳುತ್ತ ಹೋದ. ಊರುಗಳ ಹೆಸರು ಮುಗಿದು, ಕಣಿವೆಗಳ ಹೆಸರು ಮುಗಿದು, ಗಡಿ ದಾಟಿದ ಮೇಲೆ ಅವಳೇ ಸಾಕು ಎಂದಳು.

“ನಾನು ವರದಿ ಕೊಟ್ರೆ ಗಂಧಕದ ಹೊಗೆ ಹಾಕಿ ಸಾಯಿಸೋಕೆ ಬರ್ತಾರೆ, ದೊಡ್ಡಪ್ಪ. ಇಲ್ಲಿ, ಕಣಿವೇಲಿ, ರಾಣಿ ಒಯ್ದವರ ಮನೇಲೆಲ್ಲ. ಆ ಒಂದು ಪೆಟ್ಟಿಗೇನೂ ಬಿಡಲ್ಲ.” ಸೈತಾನನ ಪೆಟ್ಟಿಗೆಯ ಕಡೆ ಕೈ ತೋರಿದಳು. “ಕೊಡದಿದ್ರೆ…”

“ಕೊಡದಿದ್ರೆ ಬರೋ ಬೇಸಿಗೆ ಮತ್ತೆ ಗಂಡು ನೊಣ ಹಾರ್ತವೆ.”

“ಹೂಂ.”

“ಕೊಟ್ರೂ ಎಲ್ಲಾ ಸಿಗಲ್ಲ.”

“ಸಿಗಲ್ಲ.”

ಅಂಬ್ರೋಸನ ಹಬ್ಬದ ದಿನ ಅವನು ಸಭೆಯಲ್ಲಿ ಆಡಿದ ಮಾತನ್ನು ಅವಳು ಎತ್ತಲಿಲ್ಲ. ಒಳ್ಳೆಯ ಮನೆಯ ಹುಡುಗಿ. ಎತ್ತಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

“ಕೊಡು, ಮಗಳೇ,” ಎಂದ. “ನನ್ನ ಹೆಸ್ರೂ ಬರಿ. ತಂದಿಟ್ಟೋನು ನಾನು, ಕರ್ಕೊಂಡೋನು ನಾನು. ಇವತ್ತೊಂದು ಕೆಲ್ಸ ಬಾಕಿ ಇದೆ, ಮುಗಿಸ್ಕೋತೀನಿ.”

ಅವನು ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿದ. ಈ ಸಲ ಮೂಲೆಯಿಂದಲೇ ಶುರುಮಾಡಿದ. ಬೇಟೆಗಾರನ ಹೆಣದ ಪೆಟ್ಟಿಗೆಯ ಮುಂದೆ ಬಗ್ಗಿ, ಬೆರಳ ಗೆಣ್ಣಿನಿಂದ ತಟ್ಟಿ, ಅಮ್ಮ ಹೇಳಿಕೊಟ್ಟಿದ್ದ ದನಿಯಲ್ಲಿ, “ಯಜಮಾನ ತೀರಿಕೊಂಡ,” ಎಂದ. ‘ನೀವು ಇರಿ’ ಎಂಬ ಉಳಿದರ್ಧ ಬಾಯಿಗೆ ಬರಲಿಲ್ಲ. ಕಿವಿಯಿಟ್ಟ. ಮುಂದಿನದಕ್ಕೆ ಹೋದ. ಒಂದನ್ನೂ ಬಿಡದೆ, ಮೇಲಿನ ಸಾಲು, ನಡುವಿನ ಸಾಲು, ಕೆಳಗಿನ ಸಾಲು. ಅದೇ ಮಾತು, ಅದೇ ಮೌನ. ಕೊನೆಗೆ ಸೈತಾನನ ಪೆಟ್ಟಿಗೆ. ತಟ್ಟಿದ ಕೂಡಲೇ ಒಳಗಿನಿಂದ ಆ ಹಳೆಯ ‘ಹ್ಞೂಂ’ ಎದ್ದಿತು. ಅಡಗಲಿಲ್ಲ. ಎಳೆಯುತ್ತ ಎಳೆಯುತ್ತ ಗೋಳಿನಂತಾಯಿತು. ನೇಜಾ ದೀಪ ಆರಿಸಿ ಗೋಡೆಗೆ ಒರಗಿದಳು.

ಸ್ಮಶಾನದಿಂದ ಮರಳಿದ ಪೊಲೋನಾ, ಉಳಿದ ಒಂದು ಕೆಂಪು ದೀಪವನ್ನು ಕೈಯಲ್ಲಿ ಹಿಡಿದು, ಜೇನುಮನೆಯ ಬಾಗಿಲಿಗೆ ಬಂದು ನಿಂತಳು. ಗಂಡನ ಮಾತಿನ ಕೊನೆ ಅವಳ ಕಿವಿಗೆ ಬಿದ್ದಿತ್ತು. ಹಣೆಗೆ, ಎದೆಗೆ, ಭುಜಗಳಿಗೆ ಶಿಲುಬೆಯ ಗುರುತು ಮುಟ್ಟಿಕೊಂಡಳು.

“ಅಯ್ಯೋ ದೇವ್ರೇ, ಯಾರು ತೀರ್ಕೊಂಡ್ರು?”

ಯೆರ್ನೇಯ್ ತಿರುಗಿ ನೋಡಿದ. ಪೆಟ್ಟಿಗೆಗಳ ಹಾಗೆಯೇ ನೋಡಿದ, ಉತ್ತರಿಸಲಿಲ್ಲ.